ಮನೆಯಲ್ಲಿ ಜೋಡಿಸಿದ ಪಿಸಿಯಲ್ಲಿ ಮ್ಯಾಕ್‌ಓಎಸ್: ಬಿಗ್ ಸರ್‌ನಿಂದ ಸೆಕೋಯವರೆಗೆ

ಹ್ಯಾಕಿಂಟಾಷ್, ಅಂದರೆ ಮಾಮೂಲಿ ಪಿಸಿಯಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಓಡಿಸುವುದು, ಮಾಡಬಹುದಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಹತ್ತಿರ ಇರುವ ಗ್ರಾಫಿಕ್ಸ್ ಕಾರ್ಡ್ ಯಾವುದು? ಎನ್‌ವಿಡಿಯಾ ಆರ್‌ಟಿಎಕ್ಸ್ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಆ ಕಾರ್ಡುಗಳಿಗೆ ಮ್ಯಾಕ್ ಡ್ರೈವರ್ ಬರಲೇ ಇಲ್ಲ. ಜಿಟಿಎಕ್ಸ್ 10 ಸರಣಿಯದು 2017ರ ಮ್ಯಾಕ್‌ಓಎಸ್ ಆವೃತ್ತಿ ಹೈ ಸಿಯೆರಾದಲ್ಲಿ ಓಡುತ್ತಿತ್ತು, ಮುಂದಿನ ವರ್ಷ ಮೊಹಾವೆ ಬಂದಾಗ ಅದೂ ನಿಂತಿತು. ಎಷ್ಟು ದುಡ್ಡು ಕೊಟ್ಟು ತಂದ ಕಾರ್ಡಾದರೂ ಇಲ್ಲಿ ಉಪಯೋಗವಿಲ್ಲ.

ನನ್ನದು 2021ರಲ್ಲಿ ಜೋಡಿಸಿದ ಪಿಸಿ. ಇಂಟೆಲ್ ಐ5-10400, ಬಿ460 ಬೋರ್ಡ್, 32 ಜಿಬಿ ರ‍್ಯಾಮ್. ಐಫೋನ್ ಆ್ಯಪ್ ಬರೆಯಲು ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು, ಹೊಸ ಮ್ಯಾಕ್ ತೆಗೆದುಕೊಳ್ಳುವಷ್ಟು ಆಗ ಕೈಯಲ್ಲಿರಲಿಲ್ಲ. ಆದ್ದರಿಂದ ಬಿಡಿಭಾಗಗಳನ್ನು ಮ್ಯಾಕ್ ಓಡಿಸುವ ಲೆಕ್ಕದಲ್ಲೇ ಆರಿಸಿದೆ. 2020ರ 27 ಇಂಚಿನ ಐಮ್ಯಾಕ್‌ನಲ್ಲಿ ಆಪಲ್ ಬಳಸಿದ್ದು ಇದೇ 10ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ಅಂದರೆ ಡ್ರೈವರ್ ಎಲ್ಲ ಮ್ಯಾಕ್‌ಓಎಸ್ ಒಳಗೇ ಇದೆ. ನಮ್ಮ ಪಿಸಿ 'ನಾನು ಐಮ್ಯಾಕ್20,1' ಅಂತ ಆ ಐಮ್ಯಾಕ್‌ನ ಮಾದರಿ ಹೆಸರಿನಲ್ಲಿ ಪರಿಚಯ ಹೇಳಿಕೊಂಡರೆ ಸಾಕು. 11ನೇ ತಲೆಮಾರಿನಿಂದ ಡೆಸ್ಕ್‌ಟಾಪ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಮ್ಯಾಕ್‌ನಲ್ಲಿ ಡ್ರೈವರ್ ಇಲ್ಲ, ನೆನಪಿರಲಿ.

ಕಾರ್ಡುಗಳ ಬೆಲೆ ಆಗ ಆಕಾಶದಲ್ಲಿತ್ತು, ಹಾಗಾಗಿ ಶುರುವಿನಲ್ಲಿ ಪ್ರೊಸೆಸರ್ ಒಳಗಿನ ಯುಎಚ್‌ಡಿ 630 ಗ್ರಾಫಿಕ್ಸ್‌ನಲ್ಲೇ ಕಾಲ ಕಳೆದೆ. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಮಾಡುತ್ತಿದ್ದ ಇಥೀರಿಯಂ ಕ್ರಿಪ್ಟೋ ಮೈನಿಂಗ್ ನಿಂತಿತು, ಬೆಂಗಳೂರಿನ ಎಸ್‌ಪಿ ರೋಡಿಗೆ ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಬಂದು ಬಿದ್ದವು. ಅಲ್ಲೇ 8 ಜಿಬಿಯ ಆರ್‌ಎಕ್ಸ್ 580 ತೆಗೆದುಕೊಂಡೆ. ಆಪಲ್ 2019ರ ಐಮ್ಯಾಕ್‌ನಲ್ಲಿ ರೇಡಿಯಾನ್ ಪ್ರೊ 580ಎಕ್ಸ್ ಕೊಟ್ಟಿತ್ತು, ಹಾಗಾಗಿ ಈ ಕಾರ್ಡು ಹಾಕಿದ ಕೂಡಲೇ ಓಡುತ್ತದೆ. ಕೊಳ್ಳುವಾಗ '2048ಎಸ್‌ಪಿ' ಅಂತ ಬರೆದದ್ದನ್ನು ಮುಟ್ಟಬೇಡಿ. ಅದು ಹೆಸರಿಗೆ 580, ಒಳಗೆ 570. ನಿಜವಾದ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ ಇರುತ್ತವೆ. ಅಂಗಡಿಯವರು ನನಗೆ ಮೊದಲು ತೋರಿಸಿದ್ದು ಅದನ್ನೇ, ಪೆಟ್ಟಿಗೆಯ ಮೇಲೆ ಮಾತ್ರ ದೊಡ್ಡದಾಗಿ 580 ಅಂತ ಇತ್ತು. ಅಲ್ಲೇ ಪಿಸಿಗೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ನೋಡಿಯೇ ದುಡ್ಡು ಕೊಡಿ.

ಇನ್‌ಸ್ಟಾಲ್ ಮಾಡಿದ್ದು ಓಪನ್‌ಕೋರ್‌ನಿಂದ. ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಬೂಟ್‌ಲೋಡರ್ ಅದು. ಹಿಂದೆ ಕಮೀಲಿಯನ್, ಆಮೇಲೆ ಕ್ಲೋವರ್ ಇತ್ತು, ಈಗ ಓಪನ್‌ಕೋರ್ ಬಿಟ್ಟು ಬೇರೆ ಯೋಚನೆಯೇ ಬೇಡ. ಅಸಿಡಾಂಥೆರಾ ತಂಡ ಅದನ್ನು ಬರೆದಿದೆ, ಡಾರ್ಟೇನಿಯಾ ತಂಡ ಅದಕ್ಕೆ ಕೈಪಿಡಿ ಬರೆದಿದೆ. ಎರಡೂ ಉಚಿತ. ಇಷ್ಟು ಕಾಳಜಿಯಿಂದ ಬರೆದ ತಾಂತ್ರಿಕ ಕೈಪಿಡಿಯನ್ನು ದುಡ್ಡು ಕೊಟ್ಟ ಸಾಫ್ಟ್‌ವೇರ್‌ಗಳ ಜೊತೆಯೂ ನಾನು ನೋಡಿಲ್ಲ. ಯಾವ ಪ್ರೊಸೆಸರಿಗೆ ಯಾವ ಸಾಲು, ಅದು ಯಾಕೆ ಬೇಕು, ಇಲ್ಲದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ಯಾರೋ ತಯಾರಿಸಿ ಹಂಚುವ ರೆಡಿ ಇಮೇಜ್ ಹಾಕಿಕೊಳ್ಳಬೇಡಿ. ಒಳಗೆ ಏನು ಸೇರಿಸಿದ್ದಾರೋ ಗೊತ್ತಾಗುವುದಿಲ್ಲ, ಕೆಟ್ಟಾಗ ಎಲ್ಲಿ ಕೈ ಹಾಕಬೇಕು ಅನ್ನುವುದೂ ತಿಳಿಯುವುದಿಲ್ಲ.

ಕೆಲಸ ಇಷ್ಟೇ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್, ಸಿಎಸ್‌ಎಂ, ಸಿಎಫ್‌ಜಿ ಲಾಕ್ ಆಫ್ ಮಾಡಬೇಕು. ಪೆನ್‌ಡ್ರೈವಿಗೆ ಮ್ಯಾಕ್‌ಓಎಸ್ ರಿಕವರಿ ಇಳಿಸಿ, ಬೂಟ್ ಫೈಲ್‌ಗಳಿರುವ ಇಎಫ್‌ಐ ಫೋಲ್ಡರಿನಲ್ಲಿ ಕೆಕ್ಸ್ಟ್‌ಗಳನ್ನು (ಮ್ಯಾಕ್‌ಓಎಸ್‌ನ ಡ್ರೈವರ್ ಥರದವು) ಹಾಕಿ, ಕಾನ್ಫಿಗ್ ಫೈಲ್ ತುಂಬಬೇಕು. ಲಿಲು, ವರ್ಚುವಲ್‌ಎಸ್‌ಎಂಸಿ, ವಾಟೆವರ್‌ಗ್ರೀನ್, ಆಪಲ್‌ಎಎಲ್‌ಸಿ ಈ ನಾಲ್ಕು ಎಲ್ಲರಿಗೂ ಬೇಕು, ಲ್ಯಾನ್‌ಗೆ ನಿಮ್ಮ ಚಿಪ್ ನೋಡಿ ಇನ್ನೊಂದು. ಬೂಟ್ ಆರ್ಗ್ಯುಮೆಂಟಿನಲ್ಲಿ ಮೈನಸ್-ವಿ (-v) ಹಾಕಿಡಿ. ಆಗ ಸೇಬಿನ ಚಿತ್ರದ ಬದಲು ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡುತ್ತವೆ, ನಿಂತರೆ ಯಾವ ಸಾಲಿನಲ್ಲಿ ನಿಂತಿತು ಅಂತ ಕಾಣುತ್ತದೆ. ಆ ಸಾಲನ್ನು ಕೈಪಿಡಿಯಲ್ಲಿ ಹುಡುಕಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಜಾಸ್ತಿ ತಾಳ್ಮೆ ಬೇಡುವುದು ಯುಎಸ್‌ಬಿ ಮ್ಯಾಪಿಂಗ್, ಅಂದರೆ ಯಾವ ಪೋರ್ಟುಗಳನ್ನು ಬಳಸಬೇಕು ಅಂತ ಮ್ಯಾಕ್‌ಓಎಸ್‌ಗೆ ಹೇಳುವುದು, ಜಾಸ್ತಿ ಜನ ಬಿಟ್ಟುಬಿಡುವುದೂ ಅದನ್ನೇ. ಮ್ಯಾಕ್‌ಓಎಸ್ ಒಂದು ಕಂಟ್ರೋಲರಿಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ಅದರಲ್ಲೂ ಒಂದು ಯುಎಸ್‌ಬಿ 3 ಕಿಂಡಿ ಅದರ ಲೆಕ್ಕದಲ್ಲಿ ಎರಡು ಪೋರ್ಟ್, ನಿಧಾನದ್ದು ಒಂದು, ವೇಗದ್ದು ಒಂದು. ಹಾಗಾಗಿ ಯುಎಸ್‌ಬಿ 2ರ ಒಂದು ಪೆನ್‌ಡ್ರೈವ್, ಯುಎಸ್‌ಬಿ 3ರ ಒಂದು ಪೆನ್‌ಡ್ರೈವ್ ಇಟ್ಟುಕೊಂಡು, ಪ್ರತಿ ಕಿಂಡಿಗೂ ಎರಡನ್ನೂ ಚುಚ್ಚಿ, ಯುಎಸ್‌ಬಿ ಟೂಲ್‌ಬಾಕ್ಸ್‌ನಲ್ಲಿ ಯಾವ ನಂಬರ್ ಹೊತ್ತಿಕೊಳ್ಳುತ್ತದೆ ಅಂತ ಹಾಳೆಯಲ್ಲಿ ಬರೆದುಕೊಳ್ಳಬೇಕು. ಬೇಡದ್ದನ್ನು ತೆಗೆದು, ಒಳಗಿನ ಬ್ಲೂಟೂತ್‌ಗೆ 255 ಅಂದರೆ 'ಇಂಟರ್ನಲ್' ಅಂತ ಗುರುತು ಹಾಕಬೇಕು. ಇದು ಸರಿಯಾಗದಿದ್ದರೆ ಸ್ಲೀಪ್ ಸರಿಯಾಗುವುದಿಲ್ಲ. ಪಿಸಿ ಮಲಗಿದ ಹಾಗೆ ಮಾಡಿ ಎರಡು ಸೆಕೆಂಡಿಗೆ ಫ್ಯಾನ್ ತಿರುಗಿಸಿಕೊಂಡು ಎದ್ದು ಕೂರುತ್ತದೆ. ನನ್ನದು ಮ್ಯಾಪ್ ಆದ ಮೇಲೆ ರಾತ್ರಿ ಮಲಗಿಸಿದರೆ ಬೆಳಗ್ಗೆ ಕೀಬೋರ್ಡ್ ಒತ್ತಿದಾಗಲೇ ಏಳುತ್ತದೆ, ಇವತ್ತಿಗೂ.

ದಿನದ ಕೆಲಸಕ್ಕೆ ಹೇಗಿದೆ? ಚೆನ್ನಾಗಿದೆ. ಎಕ್ಸ್‌ಕೋಡ್, ಸಿಮ್ಯುಲೇಟರ್, ಡಾಕರ್ ಎಲ್ಲ ಒಟ್ಟಿಗೆ ತೆರೆದರೂ ಎಳೆದಾಡುವುದಿಲ್ಲ. ಎಎಂಡಿಯ ರೈಜನ್ ಇದ್ದವರಿಗೆ ಡಾಕರ್‌ನ ಮಟ್ಟಿಗೆ ಈ ಸುಖ ಇಲ್ಲ, ಮ್ಯಾಕ್‌ಓಎಸ್‌ನ ವರ್ಚುವಲೈಸೇಷನ್ ಎಎಂಡಿ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ. ಕನ್ನಡ ಟೈಪಿಂಗ್‌ಗೆ 'ಕನ್ನಡ ಕ್ವೆರ್ಟಿ' ಕೀಬೋರ್ಡ್ ಸಿಸ್ಟಂನಲ್ಲೇ ಇದೆ, ಈ ವಿಮರ್ಶೆ ಬರೆಯುತ್ತಿರುವುದೂ ಅದರಲ್ಲೇ.

ಕಷ್ಟ ಬರುವುದು ಅಪ್‌ಡೇಟ್‌ನಲ್ಲಿ. ಆದರೆ ಅಪ್‌ಡೇಟ್ ಮಾಡದೆ ಇರುವ ಹಾಗೂ ಇಲ್ಲ. 2025ರ ಏಪ್ರಿಲ್‌ನಿಂದ ಆ್ಯಪ್ ಸ್ಟೋರಿಗೆ ಹಾಕಲು ಎಕ್ಸ್‌ಕೋಡ್ 16 ಬೇಕಾಯಿತು, ಅದಕ್ಕೆ ಮ್ಯಾಕ್‌ಓಎಸ್ ಸೋನೋಮಾ 14.5 ಆದರೂ ಇರಬೇಕು. ಸೋನೋಮಾದಲ್ಲಿ ಆಪಲ್ ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್‌ಗಳ ಡ್ರೈವರ್ ತೆಗೆದುಹಾಕಿತ್ತು. ನನ್ನ ವೈಫೈ ಕಾರ್ಡು ಅದೇ. ಓಪನ್‌ಕೋರ್ ಲೆಗಸಿ ಪ್ಯಾಚರ್‌ನಿಂದ ವಾಪಸ್ ತರಬಹುದು, ಆದರೆ ಅದಕ್ಕೆ ಸಿಸ್ಟಂನ ರಕ್ಷಣೆಯನ್ನು ಸಡಿಲಿಸಬೇಕು. ಗ್ರಾಹಕರ ಕೋಡ್ ಇರುವ ಯಂತ್ರದಲ್ಲಿ ಅದು ನನಗೆ ಬೇಡ ಅನಿಸಿತು. ಲ್ಯಾನ್ ಕೇಬಲ್ ಎಳೆದುಕೊಂಡೆ, ವೈಫೈ ಬೇಕಾಗುವ ಏರ್‌ಡ್ರಾಪ್ ಬಿಟ್ಟೆ. ಏರ್‌ಡ್ರಾಪ್ ಇಲ್ಲದ್ದು ಈಗಲೂ ಕೊರತೆಯೇ, ಸ್ಕ್ರೀನ್‌ಶಾಟ್ ಕಳಿಸುವಾಗಲೆಲ್ಲ ನೆನಪಾಗುತ್ತದೆ.

ಪ್ರತಿ ಅಪ್‌ಡೇಟಿಗೆ ಮೊದಲು ನಾನು ಮಾಡುವುದು ಇಷ್ಟು: ಈಗ ಓಡುತ್ತಿರುವ ಇಎಫ್‌ಐ ಫೋಲ್ಡರನ್ನು ಹಾಗೇ ಪೆನ್‌ಡ್ರೈವಿಗೆ ನಕಲು ಮಾಡುತ್ತೇನೆ. ಟೈಮ್ ಮಷಿನ್ ಬ್ಯಾಕಪ್ ತೆಗೆಯುತ್ತೇನೆ. ಓಪನ್‌ಕೋರ್ ಮತ್ತು ಕೆಕ್ಸ್ಟ್‌ಗಳನ್ನು ಮೊದಲು ಹೊಸದು ಮಾಡಿ, ಹೊಸ ಇಎಫ್‌ಐ ಪೆನ್‌ಡ್ರೈವಿನಿಂದ ಬೂಟ್ ಆಗುತ್ತದಾ ನೋಡಿ, ಆಮೇಲಷ್ಟೇ ಮ್ಯಾಕ್‌ಓಎಸ್. ಈ ಪೆನ್‌ಡ್ರೈವ್ ಇಲ್ಲದೆ ಯಾವತ್ತೂ ಕೈ ಹಾಕಬೇಡಿ.

ಈಗ ಸೆಕೋಯದಲ್ಲಿದ್ದೇನೆ. ಇಂಟೆಲ್ ಮ್ಯಾಕ್‌ಗಳಿಗೆ ಸೆಕೋಯದ ನಂತರದ ಟಾಹೋ ಕೊನೆಯದು ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿದೆ, ಮುಂದಿನದು ಆಪಲ್‌ನ ಸ್ವಂತ ಚಿಪ್ಪಿಗೆ ಮಾತ್ರ. ಐಮ್ಯಾಕ್20,1 ಟಾಹೋದ ಪಟ್ಟಿಯಲ್ಲಿ ಇದೆ. ಆದರೆ ಅದರಲ್ಲಿ ಹಳೆಯ ಆಡಿಯೋ ಡ್ರೈವರೇ ಇಲ್ಲ, ಸೌಂಡ್ ಬರಿಸುವ ಆಪಲ್‌ಎಎಲ್‌ಸಿ ಕೆಕ್ಸ್ಟ್ ನಿಂತಿದ್ದೇ ಅದರ ಮೇಲೆ. ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ಹೋಗಬಹುದು. ನಾನು ಸದ್ಯಕ್ಕೆ ಹೋಗುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಮ್ಯಾಕ್‌ಓಎಸ್ ಲೈಸೆನ್ಸ್ ಆಪಲ್ ಬ್ರ್ಯಾಂಡಿನ ಕಂಪ್ಯೂಟರಿಗೆ ಮಾತ್ರ. ಹೀಗೆ ಪಿಸಿ ಮಾಡಿ ಮಾರುತ್ತಿದ್ದ ಅಮೆರಿಕದ ಸೈಸ್ಟಾರ್ ಕಂಪನಿ ವಿರುದ್ಧ ಆಪಲ್ ಮೊಕದ್ದಮೆ ಹೂಡಿ 2009ರಲ್ಲಿ ಗೆದ್ದಿತು. ಕಂಪನಿಯ ಕೆಲಸಕ್ಕೆ, ಆಫೀಸಿನ ಕಂಪ್ಯೂಟರಿಗೆ ಇದನ್ನು ಹಾಕುವವರು ಮೊದಲು ಇದನ್ನು ಯೋಚಿಸಿ.

ಹೊಸದಾಗಿ ಬಿಡಿಭಾಗ ಕೊಂಡು ಮಾಡುವವರಿಗೆ ನನ್ನ ಸಲಹೆ ಬೇಡ ಅಂತಲೇ. ಎಂ4 ಮ್ಯಾಕ್ ಮಿನಿ 2024ರಲ್ಲಿ ಇಲ್ಲಿ 59,900 ರೂಪಾಯಿಗೆ ಬಂತು, 16 ಜಿಬಿ ರ‍್ಯಾಮ್ ಜೊತೆಗೆ. ನನ್ನ ಮುಂದಿನ ಯಂತ್ರ ಅದೇ ಸಾಲಿನದು. 8ರಿಂದ 10ನೇ ತಲೆಮಾರಿನ ಇಂಟೆಲ್ ಪಿಸಿ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಮಾತ್ರ ಖಂಡಿತ ಮಾಡಿ ನೋಡಿ. ಕಂಪ್ಯೂಟರ್ ಹೇಗೆ ಬೂಟ್ ಆಗುತ್ತದೆ ಅಂತ ನನಗೆ ಕಾಲೇಜಿನಲ್ಲಿ ತಿಳಿಯದ್ದು ಇದರಲ್ಲಿ ತಿಳಿಯಿತು. ಬಿ460 ಬೋರ್ಡ್ ಇದ್ದವರು ಬೇಕಾದರೆ ಕೇಳಿ, ನನ್ನ ಕಾನ್ಫಿಗ್ ಫೈಲ್ ಕಳಿಸುತ್ತೇನೆ. ಸೀರಿಯಲ್ ನಂಬರ್ ಅಳಿಸಿಯೇ ಕಳಿಸುತ್ತೇನೆ, ಅದನ್ನು ಜೆನ್‌ಎಸ್‌ಎಂಬಯಾಸ್‌ನಲ್ಲಿ ನೀವೇ ಮಾಡಿಕೊಳ್ಳಿ. ಯುಎಸ್‌ಬಿ ಮ್ಯಾಪ್ ಕೂಡ ನಿಮ್ಮ ಬೋರ್ಡಿನದ್ದು ನೀವೇ ಮಾಡಬೇಕು.