ಕಿಟ್ ಕಾರಿಗೆ ಯಾವ ರೇಡಿಯೇಟರ್ ಫ್ಯಾನ್? ಮೂರನ್ನೂ ಹಾಕಿ ನೋಡಿದೆ

ನನ್ನದು ಕಿಟ್ ಕಾರು, ಅಂದರೆ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಟ್ಟಿದ್ದು. ಇಂಗ್ಲೆಂಡಿನ ಚಳಿಯಲ್ಲಿ ಓಡುವ ಕಾರಿಗೆ ಫ್ಯಾನ್ ಯಾಕೆ ಅಂತ ಊರಿನ ಗೆಳೆಯರು ಕೇಳುತ್ತಾರೆ. ಓಡುವಾಗ ಬೇಡ, ನಿಜ. ಗಂಟೆಗೆ 50 ಕಿ.ಮೀ. ದಾಟಿದರೆ ಎದುರುಗಾಳಿಯೇ ಹೆಚ್ಚುಕಡಿಮೆ ಸಾಕಾಗುತ್ತದೆ. ತೊಂದರೆ ಶುರುವಾಗುವುದು ಗಾಡಿ ನಿಂತಾಗ. ನನ್ನದರಂಥ ಲೋಟಸ್ ಸೆವೆನ್ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಮಾದರಿಯ ಕಾರುಗಳ ಮೂತಿ ತೀರಾ ಕಿರಿದು. ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಬಿಸಿಗಾಳಿ ಅಲ್ಲೇ ಉಳಿದುಬಿಡುತ್ತದೆ. ರಸ್ತೆಗಿಳಿಸುವ ಮೊದಲು ಐವಿಎ ಪರೀಕ್ಷೆಯೂ ಇದೆ, ಅಂದರೆ ಇಂಥ ಕಾರುಗಳನ್ನು ಒಂದೊಂದಾಗಿ ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆ. ಅಲ್ಲಿ ಹೊಗೆ ತಪಾಸಣೆಗೆ ನಿಂತಲ್ಲೇ ಎಂಜಿನ್ ಓಡಿಸುತ್ತಾರೆ.

ನನ್ನ ಕಾರಿನದು ಫೋರ್ಡ್ ಜೆಟೆಕ್ ಎಂಜಿನ್, ಹಳೆಯ ಫೋಕ್ಸ್‌ವ್ಯಾಗನ್ ಪೋಲೋದ ರೇಡಿಯೇಟರ್. ಇಲ್ಲಿ ಮನೆಯಲ್ಲೇ ಕಾರ್ ಕಟ್ಟುವ ಬಹಳ ಜನ ಇದೇ ರೇಡಿಯೇಟರ್ ಹಾಕುತ್ತಾರೆ. ಇದು ಚಿಕ್ಕದು, ಅಗ್ಗ, ಮೂತಿಯೊಳಗೆ ಸರಿಯಾಗಿ ಕೂರುತ್ತದೆ. ಮೂರು ಫ್ಯಾನ್‌ಗಳಿಗೂ ಒಂದೇ ಪರೀಕ್ಷೆ ಮಾಡಿದೆ. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಕೂಲಂಟ್ (ಎಂಜಿನ್ ತಣ್ಣಗಿಡುವ ನೀರು) 95 ಡಿಗ್ರಿ ಮುಟ್ಟಿದಾಗ ಫ್ಯಾನ್ ಹಾಕುವುದು, ಎಷ್ಟು ಬೇಗ ಇಳಿಯುತ್ತದೆ ಅಂತ ನೋಡುವುದು. ಕರೆಂಟ್ ಎಷ್ಟು ಎಳೆಯುತ್ತದೆ ಅಂತ ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿದೆ. ಜೊತೆಗೆ ಒಂದು ಟಿಶ್ಯೂ ಪೇಪರ್. ಅದನ್ನು ರೇಡಿಯೇಟರಿನ ಮುಖದ ಮೇಲೆಲ್ಲ ಆಡಿಸಿದರೆ ಗಾಳಿ ಎಲ್ಲಿ ಹಾಯುತ್ತಿದೆ, ಎಲ್ಲಿ ಇಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮೊದಲನೆಯದು ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ 10 ಇಂಚಿನ ಸ್ಲಿಮ್ ಫ್ಯಾನ್. ಬೆಲೆ 25 ಪೌಂಡ್ ಆಸುಪಾಸು. ರೇಡಿಯೇಟರಿನ ಮುಂದೆ ನಿಂತು ಗಾಳಿಯನ್ನು ಒಳಕ್ಕೆ ತಳ್ಳುವಂತೆ ಹಾಕಿದೆ. ಡಬ್ಬಿಯ ಮೇಲೆ ಬರೆದ ಸಿಎಫ್ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ನೋಡಿದರೆ ಮೂರರಲ್ಲಿ ಇದೇ ರಾಜ. ಎಳೆದ ಕರೆಂಟ್ ಮಾತ್ರ ಸುಮಾರು 6 ಆಂಪ್. ಅಷ್ಟು ಕಡಿಮೆ ಕರೆಂಟಿನಲ್ಲಿ ಅಷ್ಟು ಗಾಳಿ ಹೇಗೆ ಬರುತ್ತದೆ? ಬರಲಿಲ್ಲ. ಉಷ್ಣಾಂಶ ಏರುವುದು ನಿಂತಿತು, ಇಳಿಯಲಿಲ್ಲ. ಮುಂದೆ ಹಾಕಿದ ಫ್ಯಾನ್ ಓಡುವಾಗ ಎದುರುಗಾಳಿಗೂ ಅಡ್ಡ ಬರುತ್ತದೆ. ಇದರ ಜೊತೆ ಬರುವ ಪ್ಲಾಸ್ಟಿಕ್ ಟೈಗಳನ್ನು ರೇಡಿಯೇಟರಿನ ಜಾಲರಿಯೊಳಗಿಂದಲೇ ತೂರಿಸಿ ಬಿಗಿಯಬೇಕು. ದಯವಿಟ್ಟು ಹಾಗೆ ಮಾಡಬೇಡಿ. ಫ್ಯಾನ್ ಅದುರಿ ಅದುರಿ ಜಾಲರಿಯ ತೆಳು ಲೋಹದ ಫಿನ್‌ಗಳು ಸವೆಯುತ್ತವೆ, ಆಮೇಲೆ ನೀರು ಹರಿಯುವ ಟ್ಯೂಬ್ ತೂತಾಗುತ್ತದೆ. ನಾನು ಅಂಚಿನ ಬ್ರಾಕೆಟ್‌ಗಳಿಗೆ ಅಲ್ಯೂಮಿನಿಯಂ ಪಟ್ಟಿ ಕಟ್ಟಿ ಕೂರಿಸಿದ್ದೆ.

ಸಿಎಫ್ಎಂ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಎದುರಿಗೆ ಏನೂ ಇಲ್ಲದಾಗಿನದು. ಜಾಲರಿ ಅಡ್ಡ ಬಂದಾಗ ಆ ಒತ್ತಡಕ್ಕೆ ಎದುರಾಗಿ ಎಷ್ಟು ಗಾಳಿ ಸಾಗುತ್ತದೆ ಅನ್ನುವುದೇ ನಮಗೆ ಬೇಕಾದ ಲೆಕ್ಕ. ಒಳ್ಳೆಯ ಕಂಪನಿಗಳು ಒತ್ತಡಕ್ಕೆ ತಕ್ಕಂತೆ ಗಾಳಿ ಎಷ್ಟು ಅಂತ ಪಟ್ಟಿಯನ್ನೇ ಕೊಡುತ್ತವೆ. ಆ ಪಟ್ಟಿ ಇಲ್ಲದ ಫ್ಯಾನನ್ನು ನಾನು ಇನ್ನು ಕೊಳ್ಳುವುದಿಲ್ಲ.

ಎರಡನೆಯದು ಗುಜರಿಯಿಂದ ತಂದದ್ದು. ಒಂದು ಚಿಕ್ಕ ಹ್ಯಾಚ್‌ಬ್ಯಾಕ್‌ನ ಫ್ಯಾನ್, ಅದರದ್ದೇ ಪ್ಲಾಸ್ಟಿಕ್ ಶ್ರೌಡ್ (ಫ್ಯಾನ್ ಇಡೀ ಜಾಲರಿಯಿಂದ ಗಾಳಿ ಎಳೆಯುವಂತೆ ಮಾಡುವ ಕವಚ) ಸಮೇತ 15 ಪೌಂಡ್. ಶ್ರೌಡನ್ನು ಅಂಚಿನಲ್ಲಿ ಕತ್ತರಿಸಿ ಹಿಂದಿನಿಂದ ಹೊಂದಿಸಿದೆ. ಎಳೆದದ್ದು 12 ಆಂಪ್, ಕೆಲಸವೂ ಹಾಗೇ ಇತ್ತು. ಮೂರರಲ್ಲಿ ಅತಿ ಬೇಗ ತಣ್ಣಗೆ ಮಾಡಿದ್ದು ಇದೇ. ಪೇಪರ್ ರೇಡಿಯೇಟರಿನ ನಾಲ್ಕೂ ಮೂಲೆಗಳಲ್ಲಿ ಅಂಟಿಕೊಂಡಿತು. ಆದರೆ ಮೋಟಾರ್ ದಪ್ಪ. ಹಿಂದೆ ಚಾಸಿಯ ಅಡ್ಡ ಪೈಪಿಗೆ ತಾಗುವಷ್ಟು ಹತ್ತಿರ. ರೇಡಿಯೇಟರನ್ನು ಮುಂದಕ್ಕೆ ಸರಿಸಿದರೆ ಮೂತಿ ಕೂರುವುದಿಲ್ಲ. ಜಾಗ ಇದ್ದವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ, ಖಂಡಿತ ತಗೊಳ್ಳಿ.

ಮೂರನೆಯದು ಇಟಲಿಯ ಸ್ಪಾಲ್ ಕಂಪನಿಯ 11 ಇಂಚಿನದು, ಹಿಂದಿನಿಂದ ಗಾಳಿ ಎಳೆಯುವ ಬಗೆ. ಬೆಲೆ 100 ಪೌಂಡ್‌ಗೆ ಹತ್ತಿರ. ದಪ್ಪ ಆರು ಸೆಂಟಿಮೀಟರ್ ಅಷ್ಟೇ. ಎಳೆದದ್ದು ಸುಮಾರು 9 ಆಂಪ್. ಬಾಗಿದ ರೆಕ್ಕೆಗಳಾದ್ದರಿಂದ ಸದ್ದು ಕಡಿಮೆ. ಈ ಬಾಗಿದ ರೆಕ್ಕೆಯವನ್ನು ಕೊಳ್ಳುವಾಗ ಎಳೆಯುವುದೋ ತಳ್ಳುವುದೋ ಅಂತ ಕೇಳಿಯೇ ತಗೊಳ್ಳಬೇಕು. ವೈರ್ ಅದಲುಬದಲು ಮಾಡಿದರೆ ಗಾಳಿ ಉಲ್ಟಾ ಬರುತ್ತದೆ, ಆದರೆ ಜೋರು ಇರುವುದಿಲ್ಲ.

ಬರೀ ಫ್ಯಾನ್ ಹಾಕಿದಾಗ ಸಾಧಾರಣ ಅನ್ನಿಸಿತು. ಲೆಕ್ಕ ಹಾಕಿ ನೋಡಿ: ನನ್ನ ರೇಡಿಯೇಟರಿನ ಜಾಲರಿ ಸುಮಾರು 43 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರ. 11 ಇಂಚಿನ ಫ್ಯಾನ್ ಅದರ ಅರ್ಧವನ್ನೂ ಮುಚ್ಚುವುದಿಲ್ಲ. ಉಳಿದ ಜಾಗದ ಮುಂದೆ ಪೇಪರ್ ಸುಮ್ನೆ ಜೋತಾಡುತ್ತಿತ್ತು. ಆಮೇಲೆ ತೆಳು ಅಲ್ಯೂಮಿನಿಯಂ ತಗಡಿನಲ್ಲಿ ಶ್ರೌಡ್ ಮಾಡಿದೆ. ಜಾಲರಿಗೂ ತಗಡಿಗೂ ಮಧ್ಯೆ ಎರಡು ಬೆರಳಿನಷ್ಟು ಅಂತರ, ಅಂಚಿಗೆ ಫೋಮ್ ಪಟ್ಟಿ. ಅದೇ ಫ್ಯಾನ್, ಅದೇ ಕರೆಂಟ್. ಈಗ ಗುಜರಿ ಫ್ಯಾನಿಗಿಂತ ಸ್ವಲ್ಪವೇ ಹಿಂದೆ! ಆ ಖುಷಿ ಇನ್ನೂ ಇಳಿದಿಲ್ಲ. ಹೈವೇಯಲ್ಲಿ ಶ್ರೌಡ್ ಎದುರುಗಾಳಿಯನ್ನು ತಡೆಯಬಾರದು ಅಂತ ತಗಡಿನ ಮೂಲೆಗಳಲ್ಲಿ ಕಿಂಡಿ ಕೊರೆದು ರಬ್ಬರ್ ರೆಪ್ಪೆ ಹಾಕಿದ್ದೇನೆ. ನಿಂತಾಗ ಫ್ಯಾನಿನ ಸೆಳೆತಕ್ಕೆ ಮುಚ್ಚಿಕೊಳ್ಳುತ್ತವೆ, ಓಡುವಾಗ ಗಾಳಿಯ ರಭಸಕ್ಕೆ ತೆರೆದುಕೊಳ್ಳುತ್ತವೆ. ಕಾರಿನಲ್ಲಿ ಉಳಿದದ್ದು ಇದೇ.

ವೈರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಫ್ಯಾನ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಬಹಳ ಜಾಸ್ತಿ ಕರೆಂಟ್ ಬೇಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಲೇಬೇಕು, ಫ್ಯೂಸ್ ಬ್ಯಾಟರಿಗೆ ಹತ್ತಿರ ಇರಬೇಕು, ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು. 92 ಡಿಗ್ರಿಗೆ ಹತ್ತಿ 87ಕ್ಕೆ ಆರುವ ಥರ್ಮೋಸ್ವಿಚ್ ಸುಲಭವಾಗಿ ಸಿಗುತ್ತದೆ, ನಾನು ಅದನ್ನೇ ರೇಡಿಯೇಟರಿನಲ್ಲಿ ಹಾಕಿದ್ದೇನೆ. ಡ್ಯಾಶ್‌ಬೋರ್ಡ್‌ನಲ್ಲಿ ಕೈಯಿಂದ ಹಾಕುವ ಸ್ವಿಚ್ ಒಂದು ಬೇರೆ. ಕೀ ತೆಗೆದ ಮೇಲೂ ಫ್ಯಾನ್ ಓಡುವಂತೆ ಕೆಲವರು ಜೋಡಿಸುತ್ತಾರೆ. ನನ್ನ ಎಂಜಿನ್‌ನಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದು. ಎಂಜಿನ್ ನಿಂತರೆ ನೀರೂ ನಿಲ್ಲುತ್ತದೆ. ಆಗ ಫ್ಯಾನ್ ರೇಡಿಯೇಟರಿನಲ್ಲಿರುವ ನೀರನ್ನಷ್ಟೇ ತಣ್ಣಗೆ ಮಾಡುತ್ತದೆ, ಬ್ಯಾಟರಿ ಇಳಿಯುತ್ತದೆ. ಅದಕ್ಕೇ ಕೀ ಆನ್ ಇದ್ದಾಗ ಮಾತ್ರ ಓಡುವಂತೆ ಜೋಡಿಸಿದ್ದೇನೆ.