‘ನನ್ನ ಪಕ್ಕ ನಿಲ್ತೀಯಾ?’ ಅಂತ ಕೇಳಲು ಮೂರು ಬಗೆಯ ಕಾರ್ಡು

ಮದುವೆಯ ದಿನ ನನ್ನ ಪಕ್ಕದಲ್ಲಿ ನಿಲ್ಲೋಕೆ ಐದು ಜನ ಗೆಳತಿಯರನ್ನು ಕೇಳಬೇಕಿತ್ತು. ಫೋನಿನಲ್ಲಿ ಕೇಳಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಆದರೆ ಬ್ರೈಡ್ಸ್‌ಮೇಡ್ ಆಗು ಅಂತ ಕೇಳುವುದು ಸಣ್ಣ ಮಾತಲ್ಲ. ಅವಳ ದಿನಗಳು ಹೋಗುತ್ತವೆ, ದುಡ್ಡು ಖರ್ಚಾಗುತ್ತದೆ, ಓಡಾಟವೂ ಇರುತ್ತದೆ. ಅಷ್ಟೆಲ್ಲ ಕೇಳುವವಳು ಮೊದಲು ತಾನೂ ಕೂತು ಏನಾದರೂ ಮಾಡಬೇಕು, ಅಲ್ವಾ? ಹಾಗಾಗಿ ಮೂರು ಬಗೆಯ ಕಾರ್ಡು ಮಾಡಿ ನೋಡಿದೆ.

ಅಳತೆ ಮೂರಕ್ಕೂ ಒಂದೇ. ಎ4 ಹಾಳೆಯನ್ನು ಎರಡು ತುಂಡು ಮಾಡಿ, ಒಂದೊಂದನ್ನೂ ನಡುವೆ ಮಡಚಿದರೆ 148 ಮಿ.ಮೀ. ಉದ್ದ, 105 ಮಿ.ಮೀ. ಅಗಲದ ಕಾರ್ಡು ಸಿಗುತ್ತದೆ. ಇದು ಸಿ6 ಲಕೋಟೆಯಲ್ಲಿ ಸರಿಯಾಗಿ ಕೂರುತ್ತದೆ. ಲಕೋಟೆ ಮೊದಲು ಕೈಗೆ ಬರಲಿ, ಆಮೇಲೆ ಕತ್ತರಿ ಹಿಡಿಯಿರಿ.

ಮೊದಲು ಹತ್ತಿಯ ಹ್ಯಾಂಡ್‌ಮೇಡ್ ಪೇಪರ್. ಮುಟ್ಟಿದರೆ ಬಟ್ಟೆಯ ಹಾಗೆ ಮೆತ್ತಗಿರುತ್ತದೆ. ಇದಕ್ಕೆ ಕತ್ತರಿ ಹಾಕಬಾರದು, ಅಂಚಿನ ಚಂದವೇ ಹೋಗುತ್ತದೆ. ಸ್ಕೇಲು ಇಟ್ಟು, ಒದ್ದೆ ಬ್ರಷ್ಷಿನಿಂದ ಎರಡು ಮೂರು ಸಲ ಗೆರೆ ಎಳೆದು, ನೀರು ಒಳಗಿಳಿದ ಮೇಲೆ ನಿಧಾನವಾಗಿ ಎರಡೂ ಕಡೆ ಎಳೆಯಬೇಕು. ಎಳೆಎಳೆಯಾಗಿ ಬಿಟ್ಟುಕೊಂಡು ಅಂಚು ಹೂವಿನ ದಳದಂತೆ ಬರುತ್ತದೆ. ತೊಂದರೆ ಶುರುವಾಗಿದ್ದು ಬರೆಯುವಾಗ. ಫೌಂಟನ್ ಪೆನ್ನಿನಲ್ಲಿ ಗೆಳತಿಯ ಹೆಸರು ಬರೆದರೆ ಅಕ್ಷರದ ಸುತ್ತ ಶಾಯಿ ಹರಡಿ ಬೇರು ಬಿಟ್ಟಂತಾಯಿತು. ಶಾಯಿಯನ್ನು ತಡೆಯುವ ಲೇಪ ಕಡಿಮೆ ಇರುವ ಕಾಗದ ಹೀಗೇ ಹೀರಿಕೊಳ್ಳುತ್ತದೆ. ಜೆಲ್ ಪೆನ್ನೂ ಸ್ವಲ್ಪ ಹರಡಿತು. ನಿಂತಿದ್ದು ಸಾಮಾನ್ಯ ಬಾಲ್‌ಪೆನ್ ಮಾತ್ರ. ಅದರ ಶಾಯಿಯಲ್ಲಿರುವುದು ನೀರಲ್ಲ, ಎಣ್ಣೆಯಂಥ ದ್ರವ.

ಎರಡನೆಯದು ವಾಟರ್ ಕಲರ್. 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ ದಪ್ಪ ಕಾಗದವೇ ಬೇಕು. ನಾನು ಮೊದಲು 200 ಜಿಎಸ್‌ಎಂ ಹಾಳೆಯಲ್ಲಿ ಮಾಡಿದೆ, ನೀರು ಬಿದ್ದ ಕೂಡಲೇ ಅಲೆಅಲೆಯಾಗಿ ಏಳತೊಡಗಿತು. ದಪ್ಪ ಕಾಗದವನ್ನೂ ನಾಲ್ಕು ಬದಿಯಲ್ಲಿ ಟೇಪಿನಿಂದ ಹಲಗೆಗೆ ಅಂಟಿಸಿ, ಪೂರ್ತಿ ಒಣಗಿದ ಮೇಲೆಯೇ ಬಿಡಿಸಿ. ಬ್ರೈಡ್ಸ್‌ಮೇಡ್‌ಗಳ ಉಡುಪಿಗೆ ಅಂದುಕೊಂಡಿದ್ದ ಬಣ್ಣವನ್ನೇ ಗೆಳತಿಗೆ ತೋರಿಸಬಹುದು ಅನ್ನುವುದು ಇದರ ದೊಡ್ಡ ಗುಣ. ವಾಟರ್ ಕಲರ್ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಕಣ್ಣಿಗೆ ಸರಿ ಅನ್ನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಗಾಢವಾಗಿ ಹಚ್ಚಿದೆ. ಆದರೆ ಈ ಕಾಗದದ ಮೈ ತರಿತರಿ. ನಾಲ್ಕು ಸಾಲಿಗಿಂತ ಜಾಸ್ತಿ ಬರೆಯಲು ಮನಸ್ಸಾಗಲಿಲ್ಲ.

ಮೂರನೆಯದು ಪಾಪ್‌ಅಪ್, ತೆರೆದರೆ ಒಳಗಿನ ಆಕೃತಿ ಎದ್ದು ನಿಲ್ಲುವ ಕಾರ್ಡು. ಇದು ಮಾತ್ರ ನನ್ನ ಎರಡು ಭಾನುವಾರ ತಿಂದಿತು. ಮಡಿಕೆಗೆ ಅಡ್ಡಲಾಗಿ ಸಮಾನಾಂತರವಾಗಿ ಎರಡು ಸೀಳು ಹಾಕಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಸಣ್ಣ ಮೆಟ್ಟಿಲು ಏಳುತ್ತದೆ. ಅದರ ಮುಂಭಾಗಕ್ಕೆ ಕಾಗದದ ಪುಟ್ಟ ಉಡುಪು ಅಂಟಿಸುವುದು. ಮೊದಲ ಸಲ ಮೆಟ್ಟಿಲಿನ ಆಳ 30 ಮಿ.ಮೀ., ಉಡುಪಿನ ಎತ್ತರ 80 ಮಿ.ಮೀ. ಇಟ್ಟೆ. ಕಾರ್ಡು ಮುಚ್ಚಿದರೆ ಉಡುಪಿನ ತುದಿ 5 ಮಿ.ಮೀ. ಹೊರಗೆ ಇಣುಕುತ್ತಿತ್ತು! ಆಳ ಮತ್ತು ಎತ್ತರ ಕೂಡಿದರೆ ಬರುವ ಮೊತ್ತ ಕಾರ್ಡಿನ ಅಗಲಕ್ಕಿಂತ, ಅಂದರೆ 105ಕ್ಕಿಂತ, ಕಡಿಮೆ ಇರಲೇಬೇಕು. 20 ಮತ್ತು 75 ಮಾಡಿದ ಮೇಲೆ ಸರಿಹೋಯಿತು. ಮಡಿಕೆಗಳನ್ನೆಲ್ಲ ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಮೊದಲೇ ಗೀರಿಕೊಳ್ಳಿ, ಇಲ್ಲದಿದ್ದರೆ ದಪ್ಪ ಕಾಗದ ಮಡಿಕೆಯಲ್ಲಿ ಒಡೆಯುತ್ತದೆ. ಕಾಗದ ಯಾವ ಕಡೆ ಸುಲಭವಾಗಿ ಬಾಗುತ್ತದೆ ಅಂತ ಕೈಯಲ್ಲಿ ಬಗ್ಗಿಸಿ ನೋಡಿ, ಮಡಿಕೆ ಆ ಕಡೆಗೇ ಇರಲಿ. ಅಂಟಿನ ನೀರಿಗೆ ತೆಳು ಕಾಗದ ಸುಕ್ಕಾಗುವುದರಿಂದ ಡಬಲ್ ಸೈಡ್ ಟೇಪೇ ಒಳ್ಳೆಯದು. ಸೀಳು ಹಾಕಿದ ಜಾಗ ಹಿಂದಿನಿಂದ ತೂತಾಗಿ ಕಾಣುತ್ತದೆ, ಅದನ್ನು ಮುಚ್ಚಲು ಹೊರಗೆ ಇನ್ನೊಂದು ಹಾಳೆಯೂ ಬೇಕಾಯಿತು.

ತೆರೆದ ಕ್ಷಣಕ್ಕೆ ಪಾಪ್‌ಅಪ್‌ನಷ್ಟು ಖುಷಿ ಬೇರೆ ಯಾವುದೂ ಕೊಡುವುದಿಲ್ಲ. ಆದರೆ ನಡುವಿನ ಜಾಗವನ್ನೆಲ್ಲ ಅದೇ ನುಂಗುತ್ತದೆ. ನನಗೋ ಬರೆಯುವುದು ತುಂಬಾ ಇತ್ತು. ನೀನೇ ಯಾಕೆ ಬೇಕು, ತಾರೀಖು ಯಾವುದು, ಎಷ್ಟು ದಿನ ಬಿಡುವು ಮಾಡಿಕೊಳ್ಳಬೇಕು, ಉಡುಪು ಯಾರು ಕೊಳ್ಳುವುದು. ಇದನ್ನೆಲ್ಲ ಮೊದಲೇ ಹೇಳದೆ ಬರೀ ‘ಆಗ್ತೀಯಾ?’ ಅಂದರೆ ಅವಳು ಮುಲಾಜಿಗೆ ಹೂಂ ಅನ್ನಬೇಕಾಗುತ್ತದೆ. ಅದು ನನಗೆ ಬೇಡವಾಗಿತ್ತು.

ಕೊನೆಗೆ ನಾಲ್ಕು ಜನರಿಗೆ ಹ್ಯಾಂಡ್‌ಮೇಡ್ ಪೇಪರಿನ ಕಾರ್ಡೇ ಕಳಿಸಿದೆ. ಮುಖಪುಟಕ್ಕೆ ವಾಟರ್ ಕಲರ್ ಹಾಳೆಯಿಂದ ಕತ್ತರಿಸಿದ ಪುಟ್ಟ ಉಡುಪು ಅಂಟಿಸಿದೆ. ಬಾಲ್‌ಪೆನ್ನಿನಲ್ಲಿ ನನ್ನ ಅಕ್ಷರ ಚೆನ್ನಾಗಿ ಬರುವುದಿಲ್ಲ, ಅದಕ್ಕೆ ಒಳಗೆ 100 ಜಿಎಸ್‌ಎಂನ ನುಣುಪು ಹಾಳೆಯೊಂದನ್ನು ಮಡಚಿ ಇಟ್ಟೆ. ಮಡಿಕೆಯ ಉದ್ದಕ್ಕೆ ಮಾತ್ರ ಟೇಪಿನ ಪಟ್ಟಿ ಹಾಕಿದರೆ ಆ ಹಾಳೆ ಎಲ್ಲೂ ಎಳೆದುಕೊಳ್ಳುವುದಿಲ್ಲ. ಪಾಪ್‌ಅಪ್ ಹೋಗಿದ್ದು ಒಬ್ಬಳಿಗೆ ಮಾತ್ರ. ಚಿಕ್ಕವರಿದ್ದಾಗ ನಾವಿಬ್ಬರೂ ಸೇರಿ ಕಾಗದದ ಮನೆ ಕಟ್ಟುತ್ತಿದ್ದೆವು. ಅವಳಿಗೆ ಬರೆಯಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟೆ.

ಒಳಗಿನ ಹಾಳೆಯಲ್ಲಿ ಬಲಗಡೆ ಮಾತ್ರ ಬರೆದು, ಎಡಗಡೆ ಖಾಲಿ ಬಿಟ್ಟಿದ್ದೆ. ‘ಆಗಲ್ಲ ಅಂದ್ರೂ ನನಗೆ ಬೇಜಾರಿಲ್ಲ ಕಣೇ’ ಅಂತ ಕೊನೆಯ ಸಾಲು. ನಾಲ್ವರು ಫೋನ್ ಮಾಡಿ ಹೂಂ ಅಂದರು. ಐದನೆಯವಳಿಗೆ ಅದೇ ತಿಂಗಳು ಹೆರಿಗೆ. ಅವಳು ಕಾರ್ಡನ್ನೇ ವಾಪಸ್ ಕಳಿಸಿದಳು. ಎಡಗಡೆಯ ಖಾಲಿ ಜಾಗದಲ್ಲಿ ಒಂದು ಗೆರೆಯೂ ಉಳಿಯದ ಹಾಗೆ ಅವಳ ಉತ್ತರ ತುಂಬಿಕೊಂಡಿತ್ತು.