ಮಳೆಗಾಲದ ಮಲೆನಾಡಿಗೆ ಹೊಳಪಿಲ್ಲದ ಕಾಗದ: ಹಾನೆಮ್ಯೂಲೆ ಫೋಟೊ ರ‍್ಯಾಗ್ 308

ಕುಂದಾದ್ರಿಯ ನೆತ್ತಿಯಿಂದ ಮಳೆಗಾಲದ ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಬಣ್ಣವೇ ಕಡಿಮೆ. ಒಂದರ ಹಿಂದೊಂದು ಗುಡ್ಡ, ಹಿಂದೆ ಹೋದಷ್ಟೂ ತಿಳಿಯಾಗುವ ಬೂದು, ಮುಂದುಗಡೆ ಒಂದಿಷ್ಟು ಕರಿಹಸಿರು. ಹೊಳಪು ಕಾಗದದಲ್ಲಿ ಇಂಥದ್ದು ಸಪ್ಪೆ ಎನಿಸುತ್ತದೆಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುತ್ತಾರೆ, ಮಸುಕು ತೆಗೆಯುವ ಡಿಹೇಜ್ ಎಳೆಯುತ್ತಾರೆ. ಮಂಜು ಹೋಗಿ ಗುಡ್ಡಗಳೆಲ್ಲ ಒಂದೇ ದೂರದಲ್ಲಿ ಸಾಲುಗಟ್ಟಿ ನಿಂತುಬಿಡುತ್ತವೆ. ಚಿತ್ರವನ್ನು ಹಾಗೇ ಬಿಟ್ಟು ಕಾಗದ ಬದಲಿಸಿ ನೋಡಬೇಕು.

ಫೋಟೊ ರ‍್ಯಾಗ್ ತಯಾರಿಸುವ ಹಾನೆಮ್ಯೂಲೆ 1584ರಲ್ಲಿ ಶುರುವಾದ ಜರ್ಮನಿಯ ಕಾಗದದ ಕಾರ್ಖಾನೆ. ಕಾಗದ ಪೂರ್ತಿ ಹತ್ತಿಯ ನಾರಿನದು, ಚದರ ಮೀಟರಿಗೆ 308 ಗ್ರಾಂ, ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಇಂಕ್‌ಜೆಟ್‌ಗೆಂದೇ ಲೇಪನ ಕೊಟ್ಟದ್ದು. ಬಹುಕಾಲ ಬಾಳಬೇಕೆಂದರೆ ಪಿಗ್ಮೆಂಟ್ ಶಾಯಿಯಲ್ಲೇ (ಬಣ್ಣದ ಸಣ್ಣ ಕಣಗಳಿರುವ ಶಾಯಿ) ಹಾಕಿಸಬೇಕು. ಮೇಲ್ಮೈಯಲ್ಲಿ ಹೊಳಪು ಎಳ್ಳಷ್ಟೂ ಇಲ್ಲ.

ಇದರ ಕಪ್ಪು ಅಷ್ಟು ಗಾಢವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಂಥ ಮ್ಯಾಟ್ (ಹೊಳಪಿಲ್ಲದ) ಕಾಗದಗಳಲ್ಲಿ ಕಪ್ಪಿನ ಸಾಂದ್ರತೆ (ಹೆಚ್ಚಿದಷ್ಟೂ ಕಪ್ಪು ಗಾಢ) 1.6-1.7ರ ಆಸುಪಾಸಿಗೆ ನಿಲ್ಲುತ್ತದೆ, ಬೇರಿಯಂ ಸಲ್ಫೇಟ್ ಲೇಪನದ, ತುಸು ಹೊಳಪಿನ ಒಳ್ಳೆಯ ಬರೈಟಾ ಕಾಗದದಲ್ಲಿ 2.2 ದಾಟುತ್ತದೆ. ಆಗುಂಬೆಯ ಸೂರ್ಯಾಸ್ತದ ಕೆಂಪು, ಜೋಗದ ಬಂಡೆಯ ಕಡುಗಪ್ಪು ಬೇಕೆನ್ನುವವರಿಗೆ ಬರೈಟಾ ಸರಿ. ಮಂಜಿನ ಚಿತ್ರದಲ್ಲಿ ಕಡುಗಪ್ಪೇ ಇರುವುದಿಲ್ಲವಾದ್ದರಿಂದ ಈ ಕೊರತೆ ತಟ್ಟುವುದಿಲ್ಲ. ಶರಾವತಿ ಹಿನ್ನೀರಿನಲ್ಲಿ ನಿಂತ ಒಣಮರದ ಬೊಡ್ಡೆಯನ್ನೇ ತೆಗೆದುಕೊಳ್ಳಿ. ಬೊಡ್ಡೆಯದೊಂದು ಬೂದು, ನೀರಿನ ನೆರಳಿನದು ಅದಕ್ಕಿಂತ ಕೂದಲೆಳೆಯಷ್ಟು ತಿಳಿ, ಎರಡರ ನಡುವೆ ನೀರಿನ ಗೆರೆ. ಹೊಳಪು ಕಾಗದವನ್ನು ಕಿಟಕಿಗೆದುರು ಹಿಡಿದರೆ ಬೆಳಕಿನ ಪ್ರತಿಫಲನ ಆ ಗೆರೆಯ ಮೇಲೆಯೇ ಕೂರುತ್ತದೆ. ರ‍್ಯಾಗ್‌ನಲ್ಲಿ ಯಾವ ಕೋನದಿಂದ ನೋಡಿದರೂ ಅದು ಅಲ್ಲೇ ಇರುತ್ತದೆ. ಅದೇ ಫೈಲಿಗೆ ಅಂಚುಗಳನ್ನು ಎದ್ದು ಕಾಣಿಸುವ ಕ್ಲ್ಯಾರಿಟಿ ವಿಪರೀತ ಹಾಕಿದ್ದರೆ ಬೊಡ್ಡೆಯ ಸುತ್ತ ಬಿಳಿ ಅಂಚು ಕಟ್ಟಿರುವುದನ್ನೂ ಈ ಕಾಗದ ಮುಚ್ಚಿಡುವುದಿಲ್ಲ.

ಒಳ್ಳೆಯ ಪ್ರಿಂಟಿನ ಕೆಲಸ ಕ್ಯಾಮೆರಾದಲ್ಲೇ ಶುರು. ಕ್ಯಾಮೆರಾದ ಬೆಳಕಿನ ಮೀಟರು ಮಂಜನ್ನು ನಡುಬೂದಿಗೆ ಇಳಿಸುವುದರಿಂದ ಎಕ್ಸ್‌ಪೋಶರ್ ಮೂರನೇ ಎರಡರಿಂದ ಒಂದು ಸ್ಟಾಪ್ ಏರಿಸಬೇಕು. ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿರಲಿ. ಆಟೋದಲ್ಲಿಟ್ಟರೆ ನಸುಕಿನ ನೀಲಿಯನ್ನು ಅದು ತೊಳೆದುಹಾಕುತ್ತದೆ. ರಾ ಫೈಲನ್ನು (ಕ್ಯಾಮೆರಾದ ಮೂಲ ದತ್ತಾಂಶ) 16 ಬಿಟ್ ಟಿಫ್ ಆಗಿಯೇ ಪ್ರಿಂಟಿನವರೆಗೆ ಒಯ್ಯಬೇಕು. 8 ಬಿಟ್ ಜೆಪೆಗ್‌ನಲ್ಲಿ ಕಾಂಟ್ರಾಸ್ಟ್ ಎಳೆದಾಡಿದರೆ ಮಂಜಿನಲ್ಲಿ ಪಟ್ಟೆಪಟ್ಟೆ ಏಳುತ್ತವೆ. ಮಂಜಿನ ಅತಿ ಬೆಳಕಿನ ಭಾಗ 255ರಲ್ಲಿ (0 ಕಪ್ಪು, 255 ಪೂರ್ತಿ ಬಿಳಿ) 240-245ಕ್ಕೆ ನಿಲ್ಲಲಿ, 250 ದಾಟಿದ ಜಾಗದಲ್ಲಿ ಶಾಯಿ ಬೀಳದಷ್ಟು ಕಡಿಮೆಯಾಗಿ ಖಾಲಿ ಕಾಗದವೇ ಕಾಣುತ್ತದೆ.

ಪರದೆಯ ಬೆಳಕನ್ನು ಚದರ ಮೀಟರಿಗೆ 80-100 ಕ್ಯಾಂಡೆಲಾಕ್ಕೆ ಇಳಿಸಿ. ಜಗಮಗಿಸುವ ಪರದೆ ನೋಡಿ ತಿದ್ದಿದ ಚಿತ್ರ ಕಾಗದದಲ್ಲಿ ಕಪ್ಪಗೆ ಬರುತ್ತದೆ, ಬಹುಪಾಲು ದೂರುಗಳ ಮೂಲ ಇದೇ. ನಿಮ್ಮ ಪ್ರಿಂಟರಿಗೆ ಹೊಂದುವ ಐಸಿಸಿ ಪ್ರೊಫೈಲು (ಈ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಫೈಲು) ಕಾಗದ ತಯಾರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮಿನ ಡೆವೆಲಪ್‌ನಲ್ಲಿ ಎಸ್ ಒತ್ತಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಕಾಣುತ್ತದೆಂದು ಪರದೆಯಲ್ಲೇ ತೋರಿಸುವ ನೋಟ) ತೆರೆದು, ಆ ಪ್ರೊಫೈಲು ಆರಿಸಿ, ಕಾಗದ ಮತ್ತು ಶಾಯಿಯ ಅನುಕರಣೆ ಹಾಕಿ. ಚಿತ್ರ ಒಮ್ಮೆಲೇ ಮಂಕಾಗುತ್ತದೆ, ಗಾಬರಿ ಬೇಡ. ನೆರಳಿನ (ಶ್ಯಾಡೋಸ್) ಸ್ಲೈಡರನ್ನು 10ರಿಂದ 20 ಎತ್ತಿ, ನಡುಟೋನಿಗೆ ಕರ್ವ್‌ನಲ್ಲಿ ತುಸು ಕಾಂಟ್ರಾಸ್ಟ್ ಕೊಟ್ಟರೆ ಸಾಕು. ಇಲ್ಲಿ ಎಡವಿಸುವುದು ಹಸಿರು. ನಾಟಿಗೆ ಬಂದ ಸಸಿಮಡಿಯ ಎಳೆಹಸಿರು ಮ್ಯಾಟ್ ಕಾಗದದ ಬಣ್ಣದ ವ್ಯಾಪ್ತಿ ಮೀರುವುದುಂಟು, ಮೊದಲೇ ಸ್ಯಾಚುರೇಶನ್ ಏರಿಸಿದ್ದರಂತೂ ಗರಿಗಳ ವಿವರವೂ ಅಳಿಸಿ ಬರೀ ಹಸಿರು ಬಣ್ಣ ಬಳಿದಂತಾಗುತ್ತದೆ. ಇಡೀ ಚಿತ್ರವನ್ನು ಇಳಿಸದೆ ಹಳದಿ ಮತ್ತು ಹಸಿರಿನ ಸ್ಯಾಚುರೇಶನ್ ಮಾತ್ರ ತಗ್ಗಿಸಿ, ಅವುಗಳ ಲ್ಯೂಮಿನೆನ್ಸ್ (ಬೆಳಕು) ಸ್ವಲ್ಪ ಹೆಚ್ಚಿಸಿ.

ಪ್ರಿಂಟ್ ಹಾಕುವಾಗ ಕಾಗದದ ಬಗೆ ಮ್ಯಾಟ್ ಎಂದಿರಲಿ, ಮ್ಯಾಟ್ ಕಪ್ಪು ಶಾಯಿ ಬಳಕೆಯಾಗಲಿ. ಹೊಳಪು ಕಾಗದದ ಆಯ್ಕೆ ಉಳಿದಿದ್ದರೆ ಕಪ್ಪು ತೆಳುಬೂದಾಗುತ್ತದೆ. ಹತ್ತಿಯ ಧೂಳು ಈ ಕಾಗದದ ನಿಜವಾದ ತೊಂದರೆ: ಶಾಯಿ ಬಿದ್ದಮೇಲೆ ಎಳೆ ಉದುರಿದರೆ ಆಕಾಶದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದು ಮೃದುವಾದ ಅಗಲ ಬ್ರಶ್ಶಿನಿಂದ ಒಮ್ಮೆ ಸವರಿ ಹಾಕಬೇಕು. ಕಪ್ಪು ಭಾಗ ಉಜ್ಜಿದರೆ ಹೊಳೆಯುವ ಗೀರು ಬೀಳುವುದರಿಂದ ಅಂಚು ಹಿಡಿದೇ ಎತ್ತಿ.

ನಮ್ಮ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಹತ್ತಿ ತೇವ ಕುಡಿಯುತ್ತದೆ. ಹಾಳೆಯ ಮೂಲೆ ಎದ್ದರೆ ಪ್ರಿಂಟ್ ಹೆಡ್ ತಾಗಿ ಅಂಚಿನಲ್ಲಿ ಶಾಯಿ ಮೆತ್ತುತ್ತದೆ. ಪೆಟ್ಟಿಗೆಯ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಇಟ್ಟು ಮಟ್ಟಸವಾಗಿ ಮಲಗಿಸಿ, ಬೇಕಾದ ಹಾಳೆ ಮಾತ್ರ ಹೊರತೆಗೆಯಿರಿ. ಪ್ರಿಂಟನ್ನು 24 ಗಂಟೆ ಒಣಗಲು ಬಿಟ್ಟೇ ಚೌಕಟ್ಟು ಹಾಕಿಸಿ. ಗಾಜಿಗೆ ಅಂಟದಂತೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ. ಜಂಬಿಟ್ಟಿಗೆಯ ಹೊರಗೋಡೆಗೆ ತೂಗುಹಾಕಿದರೆ ಬೂಷ್ಟು ಖಚಿತ. ಒಳಗೋಡೆಯೇ ಮೇಲು, ಚೌಕಟ್ಟಿನ ಹಿಂದೆ ಗಾಳಿಯಾಡಲು ಅರ್ಧ ಸೆಂಟಿಮೀಟರ್ ದಪ್ಪದ ಬಿರಡೆ ತುಂಡು ಕೊಡಿ.

ಬೆಲೆ ದುಬಾರಿ, ಲ್ಯಾಬಿನ ಹೊಳಪು ಪ್ರಿಂಟಿಗೂ ಇದಕ್ಕೂ ಹೋಲಿಕೆಯಿಲ್ಲ. ಲ್ಯಾಬಿಗೆ ಫೈಲು ಕೊಟ್ಟು ಹಾಕಿಸುವವರು ‘ಕರೆಕ್ಷನ್ ಬೇಡ’ ಎಂದು ಬರೆದುಕೊಡಬೇಕು, ಇಲ್ಲದಿದ್ದರೆ ಯಂತ್ರ ತಾನೇ ಕಾಂಟ್ರಾಸ್ಟ್ ಏರಿಸಿ ಮಂಜನ್ನು ಅಳಿಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಪಿಕ್ಸೆಲ್ಲು ಎ3+ (13×19 ಇಂಚಿನ) ಹಾಳೆಗೆ ಇಂಚಿಗೆ 300ರ ಲೆಕ್ಕದಲ್ಲಿ ಸಾಲುತ್ತದೆ. ಮೊದಲು 25 ಹಾಳೆಯ ಎ4 ಪೆಟ್ಟಿಗೆ ತೆಗೆದುಕೊಂಡು, ಒಂದೇ ಹಾಳೆಯಲ್ಲಿ ಮಂಜಿನ ಒಂದು ತುಂಡನ್ನು ನಾಲ್ಕು ಬೇರೆಬೇರೆ ಬೆಳಕಿನ ಮಟ್ಟದಲ್ಲಿ ಪಟ್ಟಿಯಾಗಿ ಹಾಕಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ ಆರಿಸಿ.